ಮಧುವನದ ನೆರೆಯಲ್ಲಿ

ಪ್ರತಿವರ್ಷ ಡಿಸೆಂಬರಿನಲ್ಲಿ ಶಾಲೆಯ ಮಕ್ಕಳನ್ನು ಹಂಪಿಗೆ ಕರೆದೊಯ್ಯುವುದು ನನ್ನ ಪಾಲಿನ ಕೆಲಸ. ಸಮಾಜ ಪಾಠ ಹೇಳುವವಳಲ್ಲವೆ! ಮೂರು ವರ್ಷದ ಹಿಂದೆ ಹಾಗೆ ಹೋದಾಗ ಬಂಡೆಯೊಂದರ ಚಾಚಿನ ಕೆಳಗೆ ಹೆಜ್ಜೇನಿನ ಗೂಡು ಜೋತುಬಿದ್ದಿತ್ತು. ಹುಡುಗನೊಬ್ಬ ಕಲ್ಲು ಎತ್ತಿಕೊಂಡ. ಓಡಿಹೋಗಿ ಅವನ ಕೈ ಹಿಡಿದೆ. “ಅದು ಅವುಗಳ ಮನೆ ಕಣೋ, ನಾವು ನೋಡೋಕೆ ಬಂದವರು” ಎಂದು ಗದರಿದೆ. ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು: “ಟೀಚರ್, ನಿಮ್ಮ ಮನಿಗೆ ಜೇನು ಬಂದ್ರೆ ಏನ್ ಮಾಡ್ತೀರಿ?”

“ಇರಲಿ ಅಂತ ಬಿಡ್ತೀನಮ್ಮ” ಎಂದೆ. ಹೇಳಿದ್ದು ಸುಳ್ಳು.

ಅದೇ ವರ್ಷ ಏಪ್ರಿಲಿನಲ್ಲಿ ಹೊಸಪೇಟೆಯ ನಮ್ಮ ಮನೆಯ ದಾಳಿಂಬೆ ಗಿಡದಲ್ಲಿ ಅಂಗೈಯಗಲದ ಕೋಲುಜೇನಿನ ಗೂಡು ಕಟ್ಟಿತ್ತು. ಮಗಳು ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಕಚ್ಚಿಬಿಟ್ಟರೆ ಎಂಬ ಭಯ ನನಗೆ. ಒಂದು ರಾತ್ರಿ ಕೋಲಿನ ತುದಿಗೆ ಹಳೆಯ ಪತ್ರಿಕೆ ಸುತ್ತಿ, ಬೆಂಕಿ ಹಚ್ಚಿ, ನಾನೇ ಆ ಗೂಡನ್ನು ಸುಟ್ಟೆ. ಬೆಳಿಗ್ಗೆ ಕಸದ ಜೊತೆ ಹುಳುಗಳನ್ನೂ ಗುಡಿಸಿ ಹಾಕಿದೆ.

ಮಳೆಗಾಲದಲ್ಲಿ ಹಾಕಿದ ಕುಂಬಳ ಬಳ್ಳಿ ಹುಲುಸಾಗಿ ಹಬ್ಬಿತು, ಹೂವನ್ನೂ ಬಿಟ್ಟಿತು. ಆದರೆ ಹೆಣ್ಣುಹೂವಿನ ಬುಡದ ಪುಟ್ಟ ಕಾಯಿ ನಾಲ್ಕು ದಿನಕ್ಕೆ ಹಳದಿಯಾಗಿ ಉದುರುತ್ತಿತ್ತು. ಒಂದೂ ನಿಲ್ಲಲಿಲ್ಲ. ಜಗಲಿಯ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದ ನಮ್ಮ ಅತ್ತೆ ಒಂದು ದಿನ, “ಮನಿಗೆ ಬಂದೋರನ್ನ ಸುಟ್ಟು ಹಾಕಿದೆಲ್ಲವ್ವ, ಇನ್ನ ಕಾಯಿ ಹೆಂಗ ನಿಲ್ತಾವು?” ಎಂದರು. ಒಂದೇ ಗೂಡಿನಿಂದ ಹೀಗಾಯಿತೆಂದು ನಾನು ಹೇಳಲಾರೆ. ಅಂಗಳಕ್ಕೆ ಸಿಮೆಂಟು ಹಾಕಿಸಿದ್ದವಳು, ಗುಲಾಬಿಗೆ ಹುಳ ಬಂತೆಂದು ವಾರಕ್ಕೊಮ್ಮೆ ಔಷಧಿ ಹೊಡೆದವಳು ಕೂಡ ನಾನೇ. ಆದರೂ ಅತ್ತೆಯ ಮಾತು ಮನಸ್ಸಿನಲ್ಲಿ ಉಳಿಯಿತು.

ನಾವಿರುವ ಊರಾದರೂ ಎಂಥದು! ಇದು ಕಿಷ್ಕಿಂಧೆಯ ಸೀಮೆ. ರಾಮಾಯಣದಲ್ಲಿ ಸುಗ್ರೀವನಿಗೆ ಮಧುವನವೆಂಬ ಜೇನಿನ ತೋಟವಿತ್ತು, ದಧಿಮುಖ ಅದರ ಕಾವಲುಗಾರ. ಸೀತೆಯ ಸುದ್ದಿ ತಂದ ಸಂತೋಷದಲ್ಲಿ ಕಪಿಗಳು ಆ ತೋಟಕ್ಕೇ ನುಗ್ಗಿ ಜೇನು ಕುಡಿದದ್ದು ನಿಮಗೆ ನೆನಪಿರಬಹುದು. ಅದು ಪುರಾಣವಾಯಿತು, ಇತಿಹಾಸಕ್ಕೆ ಬರೋಣ. 1443ರಲ್ಲಿ ಇಮ್ಮಡಿ ದೇವರಾಯನ ಕಾಲಕ್ಕೆ ಪರ್ಷಿಯದ ರಾಯಭಾರಿ ಅಬ್ದುಲ್ ರಜಾಕ್ ವಿಜಯನಗರಕ್ಕೆ ಬಂದ. ಎಲ್ಲಿ ನೋಡಿದರೂ ಗುಲಾಬಿ ಮಾರುತ್ತಾರೆ, ಈ ಜನಕ್ಕೆ ಅನ್ನದಷ್ಟೇ ಗುಲಾಬಿಯೂ ಬೇಕು ಎಂದು ಆತ ಬರೆದಿಟ್ಟ. 1520ರ ಸುಮಾರಿಗೆ ಕೃಷ್ಣದೇವರಾಯನ ಊರು ನೋಡಿದ ಪೋರ್ಚುಗೀಸರ ಪಾಯೆಸ್, ಮಾವು, ಹಲಸು, ಅಡಿಕೆ, ನಿಂಬೆ, ಕಿತ್ತಳೆ ಮರಗಳು ಕಾಡಿನಂತೆ ಒತ್ತೊತ್ತಾಗಿ ಬೆಳೆದಿದ್ದವೆಂದು ಹೇಳುತ್ತಾನೆ. ಅರಸನು ನಾಗಲಾದೇವಿಯ ಹೆಸರಿನಲ್ಲಿ ಕಟ್ಟಿಸಿದ ನಾಗಲಾಪುರವೇ ಇಂದಿನ ಹೊಸಪೇಟೆ.

ಈ ಪಾಠವನ್ನು ಎಷ್ಟು ವರ್ಷ ಹೇಳಿದ್ದೇನೋ! ಅಷ್ಟೊಂದು ನಿಂಬೆ, ಕಿತ್ತಳೆ ಹೂವು ಕಾಯಾಗಬೇಕಾದರೆ ಎಷ್ಟು ಜೇನು ಹಾರಾಡಿರಬೇಕು ಎಂದು ಮಾತ್ರ ಒಮ್ಮೆಯೂ ಯೋಚಿಸಿರಲಿಲ್ಲ. ಅರಸರು ಜೇನನ್ನು ಕರೆಯಲಿಲ್ಲ, ನೀರು ತಂದರು. ನೀರಿನಿಂದ ಹೂವಾಯಿತು, ಹೂವಿಗೆ ಜೇನು ಬಂತು. 1565ರಲ್ಲಿ ಪಟ್ಟಣ ಹಾಳಾದರೂ ಕಾಲುವೆ ನಿಲ್ಲಲಿಲ್ಲ. ತುರ್ತು ಕಾಲುವೆ ಇಂದಿಗೂ ಹಂಪಿಯ ಬಾಳೆತೋಟಗಳಿಗೆ ನೀರುಣಿಸುತ್ತಿದೆ. ನಮ್ಮ ಊರಿನ ರಾಯ, ಬಸವಣ್ಣ ಕಾಲುವೆಗಳಿಗೆ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬರುತ್ತದೆ. ಅರಮನೆ ಹೋಗಿ ನಾನೂರೈವತ್ತು ವರ್ಷ ಕಳೆದರೂ ಬಾಳೆಯ ಹೂವಿಗೆ ಜೇನು ಬರುವುದು ತಪ್ಪಿಲ್ಲ.

ಆದರೆ ಈಚೆಗೆ ನಾವು ಬದಲಾಗಿದ್ದೇವೆ. ನಾನು ಹುಟ್ಟಿದ ಕಂಪ್ಲಿಯಲ್ಲಿ ಕಬ್ಬು ಅರೆಯುವ ಕಾಲಕ್ಕೆ ಆಲೆಮನೆಯ ಕೊಪ್ಪರಿಗೆಯ ಸುತ್ತ ಜೇನು ಮುತ್ತುತ್ತಿತ್ತು. ನಾವು ಮಕ್ಕಳು ಅದರ ನಡುವೆಯೇ ಕೈ ಚಾಚಿ ಬಿಸಿಬೆಲ್ಲ ತಿನ್ನುತ್ತಿದ್ದೆವು. ಮುಂದೆ ಸಂಡೂರಿನಲ್ಲಿ ಕೆಲಸ ಮಾಡುತ್ತಿದ್ದಾಗ ಅದಿರಿನ ಲಾರಿಗಳ ಕಾಲ. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸುವವರೆಗೂ ರಸ್ತೆ ಬದಿಯ ಹೊಂಗೆ ಹೂವಿನ ಮೇಲೂ ಕೆಂಪು ದೂಳು ಕೂತಿರುತ್ತಿತ್ತು. ಬಳ್ಳಾರಿ ಕಡೆಯ ಸೂರ್ಯಕಾಂತಿ ಹೊಲಗಳ ವಿಷಯ ನಿಮಗೂ ಗೊತ್ತಿರಬಹುದು. ಜೇನು ಸಾಲದಿದ್ದರೆ ಕಾಳು ಜೊಳ್ಳಾಗುತ್ತದೆ. ಅದಕ್ಕೇ ಬೆಳಗಿನ ಹೊತ್ತು ಬಟ್ಟೆ ಹಿಡಿದು ಹೂವಿನ ಮುಖವನ್ನು ಒಂದೊಂದಾಗಿ ಸವರಬೇಕೆಂದು ಕೃಷಿ ತಜ್ಞರು ಹೇಳುತ್ತಾರೆ. ಜೇನು ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ಈಗ ಹೆಣ್ಣಾಳು ಬೇಕು! ಪೆಟ್ಟಿಗೆಯಲ್ಲಿ ಸಾಕುವ ತುಡುವೆಗೂ ಕಷ್ಟ ತಪ್ಪಿಲ್ಲ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಬಂದು ಕರ್ನಾಟಕದ ಜೇನು ಕುಟುಂಬಗಳನ್ನು ಬಹುಪಾಲು ಬರಿದು ಮಾಡಿತು.

ಪ್ರವಾಸದಿಂದ ಬಂದ ಮೇಲೆ ಅಂಗಳದ ಅರ್ಧ ಸಿಮೆಂಟು ಒಡೆಸಿದೆ. ಯಜಮಾನರು, “ದುಡ್ಡು ಕೊಟ್ಟು ಹಾಕಿಸಿದ್ದನ್ನು ದುಡ್ಡು ಕೊಟ್ಟೇ ಒಡೆಸುತ್ತೀಯಲ್ಲ” ಎಂದು ನಕ್ಕರು. ನಾನು ಕಲಿತದ್ದನ್ನು ನಿಮಗೂ ಹೇಳುತ್ತೇನೆ. ನಮಗೆ ಬೇಕಾದ ಹೂವೇ ಬೇರೆ, ಜೇನಿಗೆ ಬೇಕಾದ ಹೂವೇ ಬೇರೆ. ದಳ ತುಂಬಿದ ಗುಲಾಬಿ, ಸಂಜೆ ಅರಳುವ ಮಲ್ಲಿಗೆ ನಮ್ಮ ಮುಡಿಗೆ ಚೆಂದ, ಜೇನಿಗೆ ಅವುಗಳಿಂದ ಹೆಚ್ಚೇನೂ ಸಿಗದು. ಅದಕ್ಕೆ ತುಳಸಿ, ಕಾಮಕಸ್ತೂರಿ, ನುಗ್ಗೆ, ನಿಂಬೆ, ಕರಿಬೇವುಗಳ ಸಣ್ಣ ಹೂವೇ ಹಬ್ಬದೂಟ. ತುಳಸಿಯ ಕದಿರನ್ನೆಲ್ಲ ಚಿವುಟಬೇಡಿ, ನಾಲ್ಕು ಉಳಿಸಿ. ಕೊತ್ತಂಬರಿ, ಸಬ್ಬಸಿಗೆ ಬಲಿತವೆಂದು ಕಿತ್ತೆಸೆಯದೆ ಹೂ ಬಿಡಲು ಬಿಡಿ. ಬೇಸಿಗೆಯಲ್ಲಿ ಅಗಲ ತಟ್ಟೆಗೆ ಬೆಣಚುಕಲ್ಲು ಹಾಕಿ ಕಲ್ಲು ಮುಳುಗದಷ್ಟು ನೀರಿಡಿ. ಹುಳುಗಳು ಮುಳುಗದೆ ಕುಡಿಯುತ್ತವೆ. ಔಷಧಿ ಹೊಡೆಯುವುದನ್ನು ಬಿಟ್ಟರೆ ಎಲ್ಲಕ್ಕಿಂತ ಒಳ್ಳೆಯದು. ಹೆಜ್ಜೇನು ಮಾತ್ರ ಬೇರೆ ಸಂಗತಿ. ಅದು ಮನೆಯಲ್ಲಿ ಕಟ್ಟಿದರೆ ಕಲ್ಲು, ಹೊಗೆ, ಬೆಂಕಿ ಏನೂ ಕೂಡದು. ಮಕ್ಕಳನ್ನು ದೂರವಿಟ್ಟು ತಿಳಿದವರನ್ನು ಕರೆಯಬೇಕು.

ಮೊದಲ ವರ್ಷ ಯಾರೂ ಬರಲಿಲ್ಲ. ಕುಂಬಳದ ಗಂಡುಹೂ ಕಿತ್ತು ಹೆಣ್ಣುಹೂವಿಗೆ ನಾನೇ ಮುಟ್ಟಿಸಿ ಎರಡು ಕಾಯಿ ಪಡೆದೆ. ಎರಡನೆಯ ವರ್ಷ ಒಂದು ಬೆಳಿಗ್ಗೆ ಕಾಮಕಸ್ತೂರಿಯ ಮೇಲೆ ಗುಂಯ್ ಎನ್ನುವ ಸದ್ದು ಕೇಳಿತು. ಅತ್ತೆಯನ್ನು ಕೈಹಿಡಿದು ಕರೆತಂದು ತೋರಿಸಿದೆ. ಅವರು ನೋಡಿ, ಏನೂ ಅನ್ನದೆ, ತಟ್ಟೆಗೆ ಇನ್ನಷ್ಟು ನೀರು ಹಾಕಿದರು. ಆ ಸಲ ಕುಂಬಳ ತಾನಾಗಿಯೇ ಕಾಯಿ ಕಟ್ಟಿತು.

ನಮ್ಮ ದಾಳಿಂಬೆಗೆ ಗೂಡು ಮಾತ್ರ ಮತ್ತೆ ಬರಲಿಲ್ಲ. ಕಳೆದ ಬೇಸಿಗೆಯಲ್ಲಿ ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದ ಕೂಗಿದರು: “ಅಕ್ಕಾ, ನಿಮ್ಮ ಜೇನು ನಮ್ಮ ಕರಿಬೇವಿಗೆ ಗೂಡು ಕಟ್ಟೇತಿ. ನಮ್ಮನಿಯವ್ರು ಸುಟ್ಟುಬಿಡೋಣ ಅಂತಾರ. ಏನ್ ಮಾಡಲಿ?”

ನಾನು ಸುಟ್ಟ ಕತೆಯನ್ನು ಮೊದಲ ಬಾರಿಗೆ ಆಕೆಗೆ ಹೇಳಿದೆ. ಕೊನೆಗೆ ಒಂದು ಕುಂಬಳಕಾಯಿಯನ್ನು ಗೋಡೆಯ ಮೇಲಿಂದ ದಾಟಿಸಿದೆ. ಗೂಡು ಅಲ್ಲಿಯೇ ಉಳಿಯಿತು. ಈ ಡಿಸೆಂಬರಿನಲ್ಲಿ ಹಂಪಿಗೆ ಹೋದಾಗ ಮಕ್ಕಳು ಕೇಳಲಿ, ಬಿಡಲಿ, ಆ ಕತೆಯನ್ನು ಅವರಿಗೂ ಹೇಳಬೇಕೆಂದಿದ್ದೇನೆ.