ಖಾಸಗಿ ಶಾಲೆಯ ಟೀಚರಿಗೂ ಪರೀಕ್ಷೆ

1992ರಲ್ಲಿ ಮುಂಬಯಿಗೆ ಬಂದಾಗ ನನ್ನಲ್ಲಿದ್ದದ್ದು ಬಿ.ಎ. ಒಂದೇ. ಖಾಸಗಿ ಶಾಲೆಯೊಂದು ಕೆಲಸ ಕೊಟ್ಟಿತು ಮಾರಾಯ್ರೆ, ಸಂಬಳ ಮಾತ್ರ ಅರ್ಧ! ಬಿ.ಎಡ್. ಮಾಡಿಕೊಂಡ ಮೇಲೆಯೇ ಪೂರ್ತಿ ಸಂಬಳ ಕೇಳುವ ಬಾಯಿ ಬಂತು.

ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು. 2010ರ ಆಗಸ್ಟ್ 23ರ ಎನ್‌ಸಿಟಿಇ ಅಧಿಸೂಚನೆಯಂತೆ ಒಂದರಿಂದ ಎಂಟನೇ ತರಗತಿಗೆ ಹೊಸದಾಗಿ ಸೇರುವವರಿಗೆ ತರಬೇತಿಯ ಜೊತೆ ಟಿಇಟಿಯೂ ಬೇಕಾಯಿತು, ಅನುದಾನವಿಲ್ಲದ ಖಾಸಗಿ ಶಾಲೆಯಲ್ಲೂ. 150 ಅಂಕ, ಪಾಸಾಗಲು ಸಾಮಾನ್ಯವಾಗಿ ನೂರಕ್ಕೆ 60. ನಮ್ಮಂಥ ಹಳಬರಿಗೆ ವಿನಾಯಿತಿಯಿತ್ತು.

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚಿರುವ ಹಳಬರೂ ಎರಡು ವರ್ಷದೊಳಗೆ ಪಾಸಾಗಬೇಕೆಂದಿತು. ಅಲ್ಪಸಂಖ್ಯಾತ ಶಾಲೆಗಳ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಬಿಟ್ಟಿತು.

ನಾನು ನಿವೃತ್ತ, ಬಚಾವಾದೆ. ಜೊತೆಗೆ ಕಲಿಸಿದ ಟೀಚರೊಬ್ಬರು 48ರ ವಯಸ್ಸಿನಲ್ಲಿ, ಅಡುಗೆ ಮುಗಿಸಿ, ಮಕ್ಕಳ ಮನಶ್ಶಾಸ್ತ್ರ ಓದುತ್ತಿದ್ದಾರೆ. ಪರೀಕ್ಷೆ ಬೇಡವೆನ್ನಲಾರೆ, ಸರ್ಟಿಫಿಕೇಟಿಲ್ಲದ ಟೀಚರಿನ ಪಾಡು ನನಗೆ ಗೊತ್ತು. ಆದರೆ ಇಪ್ಪತ್ತು ವರ್ಷ ಕಲಿಸಿದವರನ್ನು ಈಗ ಕೇಳುವುದು ನ್ಯಾಯವೇ? ನೀವೇ ಹೇಳಿ.