ಮೂಲೆಯಲ್ಲೊಂದು ಸಹಿ

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಕನಗನಹಳ್ಳಿಯಲ್ಲಿ, ಸನ್ನತಿಗೆ ಹೊಂದಿಕೊಂಡ ಭೀಮಾ ದಂಡೆಯ ಮೇಲೆ, ಚಪ್ಪಡಿಯೊಂದರಲ್ಲಿ ರಾಜನೊಬ್ಬ ನಿಂತಿದ್ದಾನೆ. ಪಕ್ಕಕ್ಕೆ ರಾಣಿ, ಸುತ್ತ ಛತ್ರ ಚಾಮರ ಹಿಡಿದವರು. ಅಂಚಿನಲ್ಲಿ ಬ್ರಾಹ್ಮಿ ಅಕ್ಷರದಲ್ಲಿ ಎರಡೇ ಮಾತು: ‘ರಾಯೋ ಅಸೋಕೋ’. 1994ರಲ್ಲಿ ಶುರುವಾದ ಉತ್ಖನನದಲ್ಲಿ ಈ ಚಪ್ಪಡಿಯಿದ್ದ ಸ್ತೂಪ ಬೆಳಕಿಗೆ ಬಂದಾಗ ಇತಿಹಾಸಕಾರರು ಕುಣಿದಾಡಿದರು; ಅಶೋಕನ ಹೆಸರನ್ನೇ ಹೊತ್ತ ಅಶೋಕನ ಚಿತ್ರ ಸಿಕ್ಕಿತ್ತು. ಆತ ಸತ್ತು ಶತಮಾನಗಳಾದ ಮೇಲೆ, ಆತನನ್ನು ಕಂಡೇ ಇಲ್ಲದವರು ಕೆತ್ತಿದ್ದು ಅದು. ನನ್ನ ಕಣ್ಣಿಗೆ ಅದು ಪೋಸ್ಟರು. ಮುಖ ಇದೆ, ಮುಖದ ಹತ್ತಿರ ಹೆಸರಿದೆ, ನಾಲ್ಕು ಜನ ನಿಂತು ನೋಡುವ ಜಾಗದಲ್ಲಿ ನಿಲ್ಲಿಸಿದ್ದಾರೆ. ಇನ್ನೇನು ಬೇಕು?

ಪ್ರಚಾರಚಿತ್ರದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಪ್ಯಾರಿಸ್ಸಿನಿಂದ ಹೊರಡುತ್ತಾರೆ. ನಾನು ಸುಲೇಪೇಟದವನು, ನನಗೆ ಕನಗನಹಳ್ಳಿ ಹತ್ತಿರ. ಪೋಸ್ಟರು ಬರೆಯುವ ಕಸುಬಿನ ಹಿಂದಿನ ಕಥೆ ಹುಡುಕುವ ಚಟ ಹತ್ತಿದ್ದಕ್ಕೆ ಕಾರಣ ಒಂದು ಜಗಳ. ಕಲಬುರಗಿಯಲ್ಲಿ ಚಿತ್ರಕಲೆ ಓದುತ್ತಿದ್ದಾಗ, ಇಂಜಿನಿಯರಿಂಗ್ ಓದುತ್ತಿದ್ದ ನಾಲ್ಕು ಹುಡುಗರು ಒಂದು ರಾಕ್ ಬ್ಯಾಂಡ್ ಕಟ್ಟಿದ್ದರು. ಅವರ ಒಂದು ಹಾಡಿಗೆ ನಾವು ವಿಡಿಯೊ ಮಾಡಿಕೊಟ್ಟೆವು, ಜೊತೆಗೆ ಪೋಸ್ಟರು. ಆ ಪೋಸ್ಟರಿನ ಮೂಲೆಯಲ್ಲಿ ಯಾರ ಹೆಸರು ಇರಬೇಕು ಎಂಬುದಕ್ಕೆ ಆದ ಜಗಳ ಅದು. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಕಲ್ಲು. ಕನಗನಹಳ್ಳಿಯ ಚಪ್ಪಡಿ, ಶಹಾಬಾದಿನ ಪರಸಿ ಎಂಬ ಹಾಸುಗಲ್ಲು, ವಾಡಿ, ಮಳಖೇಡ, ಸೇಡಂಗಳಲ್ಲಿ ಸಿಮೆಂಟಾಗುವ ಬಂಡೆ, ಇವೆಲ್ಲ ಭೀಮಾ ಕಣಿವೆಯ ಒಂದೇ ಸುಣ್ಣಕಲ್ಲಿನ ಮನೆತನ. ನುಣುಪು ಕಣದ ಸುಣ್ಣಕಲ್ಲು ಜರ್ಮನಿಯ ಬವೇರಿಯಾದಲ್ಲೂ ಇದೆ. ಅಲ್ಲಿ 1796ರಲ್ಲಿ ಆಲೋಯ್ಸ್ ಸೆನೆಫೆಲ್ಡರ್ ಎಂಬಾತ, ತಾನು ಬರೆದ ನಾಟಕಗಳನ್ನು ಅಚ್ಚು ಹಾಕಿಸಲು ದುಡ್ಡು ಸಾಲದೆ, ಕಲ್ಲಿನ ಮೇಲೇ ಬರೆದು ಅಚ್ಚು ತೆಗೆಯುವ ದಾರಿ ಕಂಡುಹಿಡಿದ. ಜಿಡ್ಡಿನ ಕಡ್ಡಿಯಿಂದ ಕಲ್ಲಿನ ಮೇಲೆ ಚಿತ್ರ ಬರೆಯಬೇಕು, ಗೋಂದು ಮತ್ತು ತೆಳು ಆಮ್ಲ ಸವರಬೇಕು, ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಮಸಿಯ ರೋಲರು ಉರುಳಿಸಬೇಕು. ಒದ್ದೆ ಜಾಗ ಮಸಿಯನ್ನು ಒಲ್ಲೆ ಎನ್ನುತ್ತದೆ, ಜಿಡ್ಡಿದ್ದ ಜಾಗ ಹಿಡಿದುಕೊಳ್ಳುತ್ತದೆ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ತೆರೆದ ಪ್ರೆಸ್ಸಿನಲ್ಲಿ ಲಕ್ಷ್ಮಿ ಸರಸ್ವತಿಯರು ಹೊರಬಂದದ್ದು ಈ ವಿದ್ಯೆಯಿಂದಲೇ. ನಿಜಾಮರ ರಾಜ್ಯದಲ್ಲಿ ಈ ಕಲ್ಲಚ್ಚನ್ನು ಸಾಕಿದ್ದು ಉರ್ದು. ನಸ್ತಾಲೀಕ್ ಬರಹವನ್ನು ಸೀಸದ ಮೊಳೆಗಳಿಗೆ ಒಗ್ಗಿಸುವುದು ತ್ರಾಸದ ಕೆಲಸ, ಹಾಗಾಗಿ ಕಾತಿಬರು, ಅಂದರೆ ಲಿಪಿಕಾರರು, ಕೈಯಾರೆ ಬರೆದದ್ದೇ ಕಲ್ಲಿಗಿಳಿದು ಅಚ್ಚಾಗುತ್ತಿತ್ತು. 1948ರಲ್ಲಿ ನಿಜಾಮರ ಆಳ್ವಿಕೆ ಹೋಯಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆದರೆ ಕೈಬರಹದ ಮೇಲಿನ ಆ ಮೋಹ ನಮ್ಮ ಕಡೆಯ ಬೋರ್ಡು ಬರೆಯುವವರ ಕೈಯಲ್ಲಿ ಉಳಿಯಿತು. ಹಳೆಯ ಪೇಂಟರುಗಳಲ್ಲಿ ಹಲವರಿಗೆ ಕನ್ನಡ, ಉರ್ದು, ತೆಲುಗು, ಇಂಗ್ಲಿಷು ನಾಲ್ಕೂ ಕುಂಚಕ್ಕೆ ಬರುತ್ತಿದ್ದವು. ಓದಲಿಕ್ಕೆ ಬರುತ್ತಿತ್ತೋ ಇಲ್ಲವೋ ಬೇರೆ ಮಾತು.

ಈಗ ಚಿತ್ರಕಾರ ಪಂಡಿತರ ವಿಷಯ. ಕಲಬುರಗಿಯಲ್ಲಿ ಡಾ. ಎಸ್.ಎಂ. ಪಂಡಿತ್ ರಂಗಮಂದಿರ ಇದೆ. ಅಲ್ಲಿ ನಡೆಯುವ ಸಮಾರಂಭಕ್ಕೆ ಹೋಗಿ ಬರುವವರಲ್ಲಿ ಎಷ್ಟು ಜನಕ್ಕೆ ಆ ಹೆಸರಿನ ಹಿಂದಿನ ಕಥೆ ಗೊತ್ತು? 1916ರಲ್ಲಿ ಇದೇ ಊರಲ್ಲಿ ಹುಟ್ಟಿದವರು. ಮುಂಬಯಿ ಸೇರಿ ಸಿನಿಮಾ ಪ್ರಚಾರದ ಕೆಲಸಕ್ಕೆ ಕೈಹಾಕಿದರು. ಬಾಬುರಾವ್ ಪಟೇಲರ ‘ಫಿಲ್ಮ್ ಇಂಡಿಯಾ’ ಪತ್ರಿಕೆಗೆ ಮುಖಪುಟ ಬರೆದರು, 1949ರ ‘ಬರ್ಸಾತ್’ ಚಿತ್ರಕ್ಕೆ ಪೋಸ್ಟರು ಬರೆದರು. ಅವರ ಕ್ಯಾಲೆಂಡರಿನ ರಾಧಾಕೃಷ್ಣರು, ಶಿವಪಾರ್ವತಿಯರು ದೇಶದ ಯಾವ ಮೂಲೆಯ ಗೋಡೆಗೆ ಹೋಗಲಿಲ್ಲ! ಅದೇ ಮುಂಬಯಿಯಲ್ಲಿ ಎಂ.ಎಫ್. ಹುಸೇನ್ ಕೂಡ ಸಿನಿಮಾ ಹೋರ್ಡಿಂಗ್ ಬರೆದೇ ಹೊಟ್ಟೆ ಹೊರೆದವರು. ಹುಸೇನ್ ಆ ಕೆಲಸ ಬಿಟ್ಟು ಕಲಾವಿದರೆನಿಸಿಕೊಂಡರು. ಪಂಡಿತರು ಆ ಕೆಲಸದೊಳಗೇ ಇದ್ದು ಕಲಾವಿದರಾಗಿದ್ದರು. ಇದು ನನ್ನ ಎಣಿಕೆ. ಒಪ್ಪದವರು ಬಹಳ ಜನ. ನಾವು ಓದುವಾಗ ‘ಕ್ಯಾಲೆಂಡರ್ ಆರ್ಟು’ ಎನ್ನುವುದು ಬೈಗುಳವೇ ಆಗಿತ್ತು.

ಪಂಡಿತರ ಪೋಸ್ಟರ್ ಬಣ್ಣದ ಚಿತ್ರವೊಂದನ್ನು ಮೂಗು ತಾಗಿಸುವಷ್ಟು ಹತ್ತಿರದಿಂದ ನೋಡಿದ್ದೇನೆ. ಕೆನ್ನೆ ಒಂದು ಕಡೆಯಿಂದ ಕೆಂಡದ ಬಣ್ಣಕ್ಕೆ ಕಾದಿರುತ್ತದೆ, ಇನ್ನೊಂದು ಅಂಚಿಗೆ ತಣ್ಣಗಿನ ನೀಲಿಯ ಗೆರೆ. ದೂರದಿಂದ ಅದು ಚರ್ಮದ ಹೊಳಪು, ಹತ್ತಿರದಿಂದ ಬರೀ ಎರಡು ಪಟ್ಟಿ ಬಣ್ಣ. ದೇವರಿಗೂ ನಟಿಗೂ ಅದೇ ಬೆಳಕು. ಕೆಳಗೆ, ಮೂಲೆಯಲ್ಲಿ, ಮುಚ್ಚುಮರೆ ಇಲ್ಲದೆ ಅವರ ಸಹಿ. ಸಿನಿಮಾದವರ ದುಡ್ಡು, ಸಿನಿಮಾದವರ ಮುಖ, ಆದರೆ ಹೆಸರು ಕಲಬುರಗಿಯದು. 1993ರಲ್ಲಿ ಅವರು ತೀರಿಕೊಂಡರು.

ಅವರ ಹಿಂದೆ ಬಂದವರಿಗೆ ಆ ಭಾಗ್ಯವಿರಲಿಲ್ಲ. ಶಿವಕಾಶಿಯಲ್ಲಿ ಆಫ್‌ಸೆಟ್ಟಿನಲ್ಲಿ ಅಚ್ಚಾದ ಪೋಸ್ಟರುಗಳು ಸೇಡಮ್ಮಿನಿಂದ ಬಸ್ಸಿನ ಟಾಪಿನ ಮೇಲೆ ನಮ್ಮೂರಿಗೆ ಬರುತ್ತಿದ್ದವು, ಗೋಂದಿನ ಬಕೆಟ್ಟಿನೊಂದಿಗೆ. ಅರ್ಧ ಕನ್ನಡ, ಅರ್ಧ ತೆಲುಗು. ಬರೆದವರ ಹೆಸರು ಹುಡುಕಿದರೂ ಸಿಗುತ್ತಿರಲಿಲ್ಲ. ಆಮೇಲೆ ಕ್ಯಾಸೆಟ್ಟು. ಅಮೆರಿಕದಲ್ಲಿ 1940ರ ಹೊತ್ತಿಗೆ ಕೊಲಂಬಿಯಾ ಕಂಪನಿಯ ಅಲೆಕ್ಸ್ ಸ್ಟೈನ್‌ವೈಸ್ ಗ್ರಾಮಫೋನ್ ತಟ್ಟೆಗಳ ಬೋಳು ರಟ್ಟಿನ ಹೊದಿಕೆಗೆ ಚಿತ್ರ ಬರೆದು ಒಂದು ಹೊಸ ಕಲೆಯನ್ನೇ ಶುರುಮಾಡಿದ್ದರು. ಆಮೇಲೆ ಬಂದ ಎಲ್‌ಪಿ ತಟ್ಟೆಗೆ 12 ಇಂಚು ಅಗಲದ ಬಯಲು ಸಿಕ್ಕಿತು. ನಮಗೆ ಸಿಕ್ಕಿದ್ದು ಅಂಗೈಗಿಂತ ಚಿಕ್ಕ ಕ್ಯಾಸೆಟ್ಟಿನ ಚೀಟಿ. ಭಜನೆ, ತತ್ವಪದ, ಮೊಹರಂ ಕಾಲಕ್ಕೆ ರಿವಾಯತ್ ಪದ, ಏನೇ ಇರಲಿ, ಆ ಚೀಟಿಯಲ್ಲಿ ದೇವರ ಮುಖ, ಹಾಡಿದವರ ಮುಖ, ದುಡ್ಡು ಹಾಕಿದವರ ಮುಖ ಮೂರನ್ನೂ ಹಿಡಿಸಬೇಕು. ಹಬ್ಬದ ದಿನದ ಚಿಂಚೋಳಿ ಬಸ್ಸಿನಂತೆ ಎಲ್ಲರೂ ಒಬ್ಬರ ಹೆಗಲ ಮೇಲೊಬ್ಬರು. ಬರೆದವನ ಸಹಿಗೆ ಅಲ್ಲೆಲ್ಲಿ ಜಾಗ?

ಹಾಡಿನ ಜೊತೆ ಚಲಿಸುವ ಚಿತ್ರದ ಕಥೆ ಬೇರೆ, ಅದರಲ್ಲಿ ನಮ್ಮ ಜಿಲ್ಲೆಗೆ ಒಂದು ಹೆಮ್ಮೆಯಿದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ, ನಾಸಾದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ತೋರಿಸುವ ‘ಸೈಟ್’ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಆರಿಸಿದ್ದು ಆಗ ಗುಲ್ಬರ್ಗಾ ಎನ್ನುತ್ತಿದ್ದ ನಮ್ಮ ಕಲಬುರಗಿ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಹಿಂದುಳಿದವರು ಎಂದು ನಮ್ಮನ್ನು ಕರೆಯುವವರಿಗೆ ನಾನು ಇದನ್ನು ಹೇಳದೆ ಬಿಡುವುದಿಲ್ಲ. ಅದೇ 1981ರ ಆಗಸ್ಟ್ 1ಕ್ಕೆ ಅಮೆರಿಕದಲ್ಲಿ ಎಂಟಿವಿ ಶುರುವಾಯಿತು, ಹಾಡಿಗೆ ವಿಡಿಯೊ ಇಲ್ಲದಿದ್ದರೆ ಹಾಡೇ ಇಲ್ಲ ಎಂಬ ಕಾಲ ಬಂತು. ನಮಗೆ ಸಿಕ್ಕದ್ದು ದೂರದರ್ಶನದ ಸಿನಿಮಾ ಹಾಡಿನ ಕಾರ್ಯಕ್ರಮ ‘ಚಿತ್ರಮಂಜರಿ’.

ಕರ್ನಾಟಕದ ರಾಕ್ ಕಾಲೇಜಿನ ಹುಡುಗರ ಕೈಯಲ್ಲಿ ಬೆಳೆದದ್ದು. ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ 1996ರಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ಇಂಗ್ಲಿಷಿನಲ್ಲಿ ಹಾಡುತ್ತಿತ್ತು. ಮೈಸೂರಿನ ರಘು ದೀಕ್ಷಿತ್ 2008ರ ತಮ್ಮ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ಪದವನ್ನು ಗಿಟಾರಿಗೆ ಕೂರಿಸಿದಾಗ ನಮ್ಮ ಹಾಸ್ಟೆಲ್ಲುಗಳಲ್ಲಿ ಒಂದು ಧೈರ್ಯ ಬಂತು. ಷರೀಫರಾಗಬಹುದಾದರೆ ನಮ್ಮ ಕಡೆಯ ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ದಾರಿಯ ಪದ ಯಾಕಾಗಬಾರದು? ಏಕತಾರಿ, ದಮ್ಮಡಿಯ ಗತ್ತು ಡ್ರಮ್ಮಿಗೆ ಬರುವುದಿಲ್ಲವೇ? ನಮ್ಮ ಹುಡುಗರು ಪದ ತಾವೇ ಕಟ್ಟಿದರು; ಗತ್ತು ಮಾತ್ರ ಅಲ್ಲಿಂದ ತಂದರು.

ಅದೇ ಹೊತ್ತಿಗೆ ಫೋಟೊ ಕ್ಯಾಮೆರಾಗಳಲ್ಲೇ ಒಳ್ಳೆಯ ವಿಡಿಯೊ ತೆಗೆಯುವ ಅನುಕೂಲ ಬಂತು. ಕ್ಯಾನನ್ 5ಡಿ ಮಾರ್ಕ್ 2 ಬಂದದ್ದು 2008ರಲ್ಲಿ, ಬಡವರ ಕೈಗೆಟಕುವ 550ಡಿ 2010ರಲ್ಲಿ. ಮದುವೆ ಫೋಟೊ ತೆಗೆಯುವವರ ಹತ್ತಿರ, ಲಗ್ನ ಇಲ್ಲದ ದಿನ ನೋಡಿ, ಬಾಡಿಗೆಗೆ ತಂದೆವು. ಜಾಗ ಶಹಾಬಾದಿನ ಪರಸಿ ಖಣಿ. ಮಾಲೀಕರು ಭಾನುವಾರ ಬನ್ನಿ ಎಂದರು.

ಖಣಿಯಲ್ಲಿ ಕಲ್ಲು ಹಾಳೆ ಹಾಳೆಯಾಗಿ ಏಳುತ್ತದೆ. ಉಳಿ ಇಟ್ಟು ಸುತ್ತಿಗೆ ಬಡಿಯುತ್ತ ಸಾಗಿದರೆ ಒಂದು ಹಂತದಲ್ಲಿ ಪದರು ತಾನೇ ಬಿಡುತ್ತದೆ, ಹಾರೆ ಹಾಕಿ ಎಬ್ಬಿಸುತ್ತಾರೆ. ಸುತ್ತ ಬಿಳಿಚಿದ ಪುಡಿ. ಮಧ್ಯಾಹ್ನದ ಬಿಸಿಲು ಆ ನೆಲಕ್ಕೆ ಬಿದ್ದು ಕೆಳಗಿನಿಂದ ಮೇಲಕ್ಕೆ ಪುಟಿಯುತ್ತಿತ್ತು. ನಡುಹೊತ್ತಿನಲ್ಲಿ ಯಾರನ್ನು ನಿಲ್ಲಿಸಿದರೂ ಕಣ್ಣಿನ ಕೆಳಗೆ ಕಪ್ಪು ಬೀಳಬೇಕು, ಇಲ್ಲಿ ಬೀಳಲಿಲ್ಲ. ಗಲ್ಲದ ಕೆಳಗೆ ಬೆಳಕು. ಪಂಡಿತರ ಚಿತ್ರದ ಮುಖಗಳ ಗುಟ್ಟು ಇದ್ದಕ್ಕಿದ್ದಂತೆ ಕ್ಯಾಮೆರಾದ ಪರದೆಯಲ್ಲಿ ಕಂಡಿತು.

ನಮಗೆ ಬೇಕಾಗಿದ್ದದ್ದು ನಿಧಾನಗತಿಯ ದೃಶ್ಯ, ಆದರೆ ತುಟಿ ಮಾತ್ರ ಹಾಡಿಗೆ ಹೊಂದಬೇಕು. ಅದಕ್ಕೊಂದು ಹಳೆಯ ಯುಕ್ತಿಯಿದೆ. ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ, ಹಾಡುಗಾರ ಅದೇ ವೇಗಕ್ಕೆ ತುಟಿ ಆಡಿಸಬೇಕು. ಕ್ಯಾಮೆರಾ ಸೆಕೆಂಡಿಗೆ 50 ಚೌಕಟ್ಟು ಹಿಡಿಯಬೇಕು. ಆಮೇಲೆ ಸೆಕೆಂಡಿಗೆ 25ರಂತೆ ಓಡಿಸಿದರೆ ತುಟಿ ಸರಿಯಾದ ಹಾಡಿಗೆ ಕೂರುತ್ತದೆ, ಕೂದಲು, ಧೂಳು, ಅಂಗಿಯ ಚುಂಗು ಎಲ್ಲ ತೇಲುತ್ತವೆ. ಕಾರಿನ ಬಾಗಿಲು ತೆರೆದಿಟ್ಟು ಸ್ಟೀರಿಯೊದಲ್ಲಿ ಹಾಡು ಹಾಕಿದೆವು. ವೈರಾಗ್ಯದ ಪದ ಇಲಿಮರಿಯ ದನಿಯಲ್ಲಿ ಓಡತೊಡಗಿತು. ನೋಡುತ್ತ ಕೂತಿದ್ದ ಮುದುಕ ಕಲ್ಲುಗಾರ ಕೇಳಿದ: ‘ಯಾರ ಬೆನ್ನ ಹತ್ತ್ಯಾರೋ ತಮ್ಮಾ, ಹಾಡ ಹಿಂಗ್ಯಾಕ ಓಡ್ಲತ್ತದ?’ ಡ್ರಮ್ಮಿನವನು ನಕ್ಕು ಕೋಲು ಬೀಳಿಸಿದ್ದು ವಿಡಿಯೊದಲ್ಲಿ ಹಾಗೇ ಉಳಿದಿದೆ. ನಿಧಾನಕ್ಕೆ, ಬಹಳ ಗಂಭೀರವಾಗಿ ಕೋಲು ಬೀಳುತ್ತದೆ.

ಪೋಸ್ಟರಿಗೆ ಖಣಿಯಿಂದ ಒಡಕು ಪರಸಿಯೊಂದನ್ನು ಹೊತ್ತು ತಂದೆವು. ಅದರ ಮೇಲೆ ಇದ್ದಿಲಿನಿಂದ ಹಾಡುಗಾರನ ಮುಖ ಬರೆದು, ಫೋಟೊ ತೆಗೆದು, ಕಲಬುರಗಿಯ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ ಸ್ಕ್ರೀನ್ ಪ್ರಿಂಟ್ ಮಾಡಿಸಿದೆವು. ಕಪ್ಪು ಒಂದು, ತೊಗರಿ ಹೂವಿನ ಹಳದಿ ಒಂದು. ಕಪ್ಪು ಎಂದೊಡನೆ ಅಂಗಡಿಯವರ ಮುಖ ಬಾಡಿತು, ಲಗ್ನದ ಪರದೆಗೆ ಕಪ್ಪು ಸೋಕಬಾರದಂತೆ. ಬೇರೆ ಪರದೆ ಕಟ್ಟಿಸಿದೆವು. ಚೌಕಟ್ಟಿಗೆ ಬಿಗಿದ ಜಾಲರಿಗೆ ಬೆಳಕಿಗೆ ಗಟ್ಟಿಯಾಗುವ ದ್ರಾವಣ ಬಳಿದು, ಮೇಲೆ ಚಿತ್ರದ ಫಿಲ್ಮು ಇಟ್ಟು ಬೆಳಕು ತೋರಿಸಿ, ನೀರು ಚಿಮುಕಿಸಿದರೆ ಕಪ್ಪಿದ್ದಷ್ಟು ಜಾಗ ತೊಳೆದುಹೋಗಿ ತೂತಾಗುತ್ತದೆ. ರಬ್ಬರಿನ ಅಲಗಿನಿಂದ ಮಸಿ ಎಳೆದಾಗ ಬರುವ ಆ ಪರಕ್ ಸದ್ದು ನನಗೆ ಹಾಡಿಗಿಂತ ಹಿತವಾಗಿತ್ತು.

ಅಕ್ಷರ ಮಾತ್ರ ಕೂರಲಿಲ್ಲ. ಕಂಪ್ಯೂಟರಿನಲ್ಲಿದ್ದ ಕನ್ನಡದ ಅಕ್ಷರಶೈಲಿಗಳೆಲ್ಲ ಸರಕಾರಿ ಸುತ್ತೋಲೆಯ ಮೋರೆ ಹೊತ್ತಿದ್ದವು. ಕೊನೆಗೆ ಸೇಡಂ ರಸ್ತೆಯ ಒಬ್ಬ ಬೋರ್ಡು ಪೇಂಟರರ ಬಳಿ ಹೋದೆವು. ಅವರು ಚಪ್ಪಟೆ ಕುಂಚ ತೆಗೆದು, ಒತ್ತಕ್ಷರಗಳನ್ನು ಬೇರಿನಂತೆ ಕೆಳಗಿಳಿಸಿ ಬ್ಯಾಂಡಿನ ಹೆಸರು ಬರೆದರು. ನಸ್ತಾಲೀಕ್ ಕಲಿತ ಕೈಯಾದರೂ ಕನ್ನಡ ಎಡದಿಂದ ಬಲಕ್ಕೆ ಸಲೀಸಾಗಿ ಜಾರುತ್ತಿತ್ತು. ಬರೆದು ಮುಗಿಸಿ ಮೂಲೆಯಲ್ಲಿ ತಮ್ಮ ಹೆಸರಿನ ಮುಂದೆ ‘ಆರ್ಟ್ಸ್’ ಎಂದು ಸಹಿ ಹಾಕಿದರು.

ಬ್ಯಾಂಡಿನವರು ಬೇಡ ಎಂದರು. ರಾಕ್ ಪೋಸ್ಟರಿನಲ್ಲಿ ಕಿರಾಣಿ ಅಂಗಡಿ ಬೋರ್ಡಿನ ಸಹಿ ಎಲ್ಲಾದರೂ ಉಂಟೇ ಎಂದು ಅವರ ವಾದ. ಮುಖ ಬರೆದವನು ನಾನು, ನನ್ನ ಹೆಸರೇ ಇಲ್ಲವಲ್ಲ ಎಂದು ನನ್ನ ವಾದ. ದುಡ್ಡು ಹಾಕಿದವನು ತಾನೆಂದು ಬೇಸ್ ಬಾರಿಸುವವನ ವಾದ. ಪೇಂಟರರು ವಾದ ಮಾಡಲಿಲ್ಲ. ‘ಸಹಿ ಅಳಸ್ರಿ, ಅಕ್ಷರಾನೂ ಅಳಸ್ರಿ’ ಎಂದರು. ಸಹಿ ಉಳಿಯಿತು, ವಾದ ಮಾಡಿದ ನಮ್ಮಲ್ಲಿ ಯಾರ ಹೆಸರೂ ಬರಲಿಲ್ಲ. ಈಗ ಅವರ ಹೆಸರನ್ನು ಇಲ್ಲಿ ಬರೆಯೋಣವೆಂದರೆ ಅವರೇ ಬೇಡ ಎನ್ನುತ್ತಾರೆ. ಫ್ಲೆಕ್ಸ್ ಅಂಗಡಿ ಇಟ್ಟಿದ್ದಾರೆ. ಕುಂಚದ ಪೇಂಟರ್ ಎಂದು ಗೊತ್ತಾದರೆ ಗಿರಾಕಿಗಳು ಹಳೆಯ ದರ ಕೇಳುತ್ತಾರಂತೆ.

ಆ ಬ್ಯಾಂಡು ಡಿಗ್ರಿ ಮುಗಿದೊಡನೆ ಪುಣೆ, ಹೈದರಾಬಾದ್, ಬೆಂಗಳೂರಿನ ಕಂಪನಿಗಳಿಗೆ ಚದುರಿತು. ಹಾಡಿನ ವಿಡಿಯೊ ಮಾಡುವ ಕೆಲಸ ಮಾತ್ರ ನಮ್ಮ ಸೀಮೆಯಲ್ಲಿ ಹೆಚ್ಚಿದೆ. ಚಿಂಚೋಳಿ ಸುತ್ತಿನ ತಾಂಡಾಗಳ ಹುಡುಗರು ಬಂಜಾರ ಹಾಡು ಕಟ್ಟಿ, ತೊಗರಿ ಹೊಲದಲ್ಲೋ ಎತ್ತಿಪೋತ ಜಲಪಾತದ ಹತ್ತಿರವೋ ಮೊಬೈಲಿನಲ್ಲಿ ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸುತ್ತಾರೆ. ಪೋಸ್ಟರಿನ ಜಾಗಕ್ಕೆ ಥಂಬ್‌ನೇಲ್ ಬಂದಿದೆ. ಹಾಡಿನ ಕೆಳಗಿನ ವಿವರ ಬಿಚ್ಚಿ ನೋಡಿದರೆ ಸಾಹಿತ್ಯ, ಗಾಯನ, ಕ್ಯಾಮೆರಾ, ಎಡಿಟಿಂಗ್ ಎಲ್ಲರ ಹೆಸರೂ ಸಿಗುತ್ತದೆ. ಹಲವು ಹಾಡುಗಳಲ್ಲಿ ಎಲ್ಲಕ್ಕಿಂತ ಕೆಳಗೆ ‘ಪೋಸ್ಟರ್ ಡಿಸೈನ್’ ಎಂದು ಒಬ್ಬನ ಹೆಸರು, ಪಕ್ಕದಲ್ಲಿ ಆರ್ಡರಿಗಾಗಿ ಮೊಬೈಲ್ ನಂಬರು.