ಎಚ್ಚರಿಕೆಯ ಮಾತು, ರುಜುವಾತಿನ ಹೊಣೆ: ಫುಕುಶಿಮಾ ಕುರಿತ ಸಾಂಸ್ಕೃತಿಕ ವಿವರಣೆಯ ಮರುಪರಿಶೀಲನೆ

ಎಂಜಿನಿಯರುಗಳು ತಾಂತ್ರಿಕ ಅಪಾಯವನ್ನು ಮೇಲಧಿಕಾರಿಗಳಿಗೆ ತಿಳಿಸುವ ಬಗೆಯನ್ನು ಆಯಾ ದೇಶದ ಸಂಸ್ಕೃತಿಯಿಂದ ವಿವರಿಸುವ ಪರಿಪಾಠಕ್ಕೆ ಸಮಾಜವಿಜ್ಞಾನಿ ಹೊಫ್‌ಸ್ಟೆಡ್ ಅವರ 1980ರ ಗ್ರಂಥ ಬಲ ತುಂಬಿತು. ಐಬಿಎಂ ನೌಕರರ ಸಮೀಕ್ಷೆಯಿಂದ ಹುಟ್ಟಿದ, ಅಧಿಕಾರದ ಅಸಮಾನತೆಯನ್ನು ಜನ ಎಷ್ಟು ಸಹಜವೆಂದು ಒಪ್ಪುತ್ತಾರೆಂದು ಅಳೆಯುವ ಅವರ ‘ಅಧಿಕಾರದ ಅಂತರ’ದ ಸೂಚ್ಯಂಕ ಈಗ ಪಠ್ಯಪುಸ್ತಕದ ಸರಕು. ಇದೇ ಜಾಡಿನಲ್ಲಿ, ಫುಕುಶಿಮಾ ದುರಂತದ ಬಗ್ಗೆ ಜಪಾನಿನ ಸಂಸತ್ತು ನೇಮಿಸಿದ್ದ ತನಿಖಾ ಆಯೋಗದ ಅಧ್ಯಕ್ಷ ಕಿಯೋಶಿ ಕುರೊಕಾವಾ 2012ರ ವರದಿಯ ಇಂಗ್ಲಿಷ್ ಮುನ್ನುಡಿಯಲ್ಲಿ, ಅಧಿಕಾರವನ್ನು ಪ್ರಶ್ನಿಸಲು ಹಿಂಜರಿಯುವ ಜಪಾನೀ ಸಂಸ್ಕೃತಿಯಲ್ಲೇ ಅನಾಹುತದ ಬೇರುಗಳಿವೆ ಎಂದರು. ಈ ನಿಲುವನ್ನು ಘಟನಾವಳಿ ಎತ್ತಿಹಿಡಿಯುವುದಿಲ್ಲ.

2008ರಲ್ಲಿ, ಫುಕುಶಿಮಾ ಅಣುಸ್ಥಾವರವನ್ನು ನಡೆಸುತ್ತಿದ್ದ ಟೆಪ್ಕೊ ಕಂಪನಿಯ ಎಂಜಿನಿಯರುಗಳು ಸುನಾಮಿ ನೀರು 15.7 ಮೀಟರ್‌ವರೆಗೆ ಏರಬಹುದೆಂಬ ಲೆಕ್ಕವನ್ನು ಜೂನ್‌ನಲ್ಲಿ ಹಿರಿಯರ ಮುಂದಿಟ್ಟರು. ಒಂದರಿಂದ ನಾಲ್ಕನೆಯ ಘಟಕಗಳಿದ್ದ ನೆಲದ ಎತ್ತರ 10 ಮೀಟರ್ ಮಾತ್ರ. ಅವರು ಸುಮ್ಮನಿರಲಿಲ್ಲ, ಅಂಕಿ ಹಿಡಿದೇ ಮಾತಾಡಿದ್ದರು. ಜುಲೈ ಕೊನೆಯಲ್ಲಿ ವಿಷಯವನ್ನು ಸಿವಿಲ್ ಎಂಜಿನಿಯರುಗಳ ಸಂಘದ ಅಧ್ಯಯನಕ್ಕೆ ಒಪ್ಪಿಸಲು ತೀರ್ಮಾನವಾಯಿತು, ಅಪಾಯ ಇನ್ನೂ ಸಾಬೀತಾಗಬೇಕಿದೆ ಎಂಬಂತೆ. ನಿಯಂತ್ರಣ ಸಂಸ್ಥೆಗೆ ಆ ಲೆಕ್ಕ ತಲುಪಿದ್ದು 2011ರ ಮಾರ್ಚ್ 7ರಂದು, ಸುನಾಮಿಗೆ ನಾಲ್ಕು ದಿನ ಮೊದಲು.

ನೇರ ಮಾತಿಗೆ ಹೆಸರಾದ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಪ್ರಕರಣವನ್ನು ಇದರ ಪಕ್ಕದಲ್ಲಿಡಬೇಕು. 1986ರ ಜನವರಿ 27ರ ರಾತ್ರಿ ರಾಕೆಟ್ ತಯಾರಿಸಿದ ಕಂಪನಿಯ ಎಂಜಿನಿಯರ್ ರೋಜರ್ ಬೋಜೊಲೆ ಮತ್ತು ಸಂಗಡಿಗರು, ಚಳಿಯಲ್ಲಿ ರಾಕೆಟ್ಟಿನ ರಬ್ಬರ್ ಓ-ರಿಂಗ್ ಸಕಾಲಕ್ಕೆ ಸಂದು ಮುಚ್ಚಲಾರದೆಂದು ವಾದಿಸಿದರು. ನಾಸಾದ ಅಧಿಕಾರಿಗಳು ಆಧಾರ ಸಾಲದೆಂದಾಗ ಈ ಎಂಜಿನಿಯರುಗಳ ಕಂಪನಿಯ ಆಡಳಿತವರ್ಗ ಉಡಾವಣೆಗೆ ಒಪ್ಪಿತು. ಮರುದಿನ ಏಳು ಮಂದಿ ಸತ್ತರು. ಇಲ್ಲಿಯೂ ಮಾತು ಸ್ಪಷ್ಟವಾಗಿಯೇ ಇತ್ತು. ಆದರೆ ಅಪಾಯವಿಲ್ಲವೆಂದು ತೋರಿಸುವ ಬದಲು ಅಪಾಯವಿದೆಯೆಂದು ಸಾಬೀತುಪಡಿಸುವ ಹೊಣೆ ಎಂಜಿನಿಯರುಗಳ ಹೆಗಲೇರಿತ್ತು.

ಎರಡೂ ಕಡೆ ಎಚ್ಚರಿಕೆಯನ್ನು ಸೋಲಿಸಿದ್ದು, ಮುಖ್ಯವಾಗಿ, ರುಜುವಾತಿನ ಹೊಣೆಯ ಈ ಹಂಚಿಕೆ ಎಂಬುದು ನನ್ನ ವಾದ. ಟೆಪ್ಕೊದ ಮಸಾವೊ ಯೋಶಿದಾ ಅವರ ನಡೆ ಇದಕ್ಕೆ ಪುಷ್ಟಿ ಕೊಡುತ್ತದೆ. 2008ರಲ್ಲಿ ಸಂಬಂಧಪಟ್ಟ ವಿಭಾಗದ ಮುಖ್ಯಸ್ಥರಾಗಿದ್ದ ಅವರು ಸುನಾಮಿ ತಡೆಗೆ ಪಟ್ಟುಹಿಡಿಯಲಿಲ್ಲ. 2011ರ ಮಾರ್ಚ್ 12ರಂದು ಸ್ಥಾವರದ ನಿರ್ದೇಶಕರಾಗಿ ಅವರೇ, ರಿಯಾಕ್ಟರಿಗೆ ಸಮುದ್ರದ ನೀರು ಹಾಯಿಸುವುದನ್ನು ನಿಲ್ಲಿಸಬೇಕೆಂಬ ಮುಖ್ಯ ಕಚೇರಿಯ ಸೂಚನೆಯನ್ನು ಮೀರಿದರು: ನಿಲ್ಲಿಸಕೂಡದೆಂದು ಸಿಬ್ಬಂದಿಗೆ ಮೊದಲೇ ಪಿಸುಗುಟ್ಟಿ, ಬಳಿಕ ವಿಡಿಯೊ ಸಭೆಗೆ ಕೇಳಿಸುವಂತೆ ‘ನಿಲ್ಲಿಸಿ’ ಎಂದು ಆಜ್ಞಾಪಿಸಿದರು. ವ್ಯಕ್ತಿಯೂ ಸಂಸ್ಕೃತಿಯೂ ಬದಲಾಗಿರಲಿಲ್ಲ. ನಿರ್ಧಾರದ ಜಾಗ ಬದಲಾಗಿತ್ತು.

ಈ ವಾದಕ್ಕೆ ಮಿತಿಗಳಿವೆ. ತುರ್ತುಸ್ಥಿತಿಯ ಧೈರ್ಯವನ್ನು ಕಚೇರಿಯ ದಿನಚರಿಗೆ ಹೋಲಿಸುವುದು ಒಂದು ಮಟ್ಟದವರೆಗೆ ಮಾತ್ರ ಸರಿ. ಸಭೆಯ ಎದುರು ಆಜ್ಞೆ ಪಾಲಿಸಿದಂತೆ ತೋರಿಸಿಕೊಂಡ ಆ ರೀತಿಯಲ್ಲೇ ಸಂಸ್ಕೃತಿಯ ಗುರುತಿದೆ ಎಂದು ಯಾರಾದರೂ ಹೇಳಿದರೆ ಅಲ್ಲಗಳೆಯಲಾರೆ. ಜಪಾನಿನದೇ ಒನಗಾವಾ ಅಣುಸ್ಥಾವರವನ್ನು ಎತ್ತರದ ನೆಲದಲ್ಲೇ ಕಟ್ಟಬೇಕೆಂದು ಹಟ ಹಿಡಿದು ಗೆದ್ದ ಯಾನೊಸುಕೆ ಹಿರಾಯ್ ಕೂಡ ಅದನ್ನು ಕಟ್ಟಿಸಿದ ಕಂಪನಿಯ ಉನ್ನತ ಹುದ್ದೆಯಲ್ಲಿದ್ದವರು. ಕಿರಿಯರ ದನಿಗೆ ಅವರು ಸಾಕ್ಷಿಯಾಗಲಾರರು. ಲೆಕ್ಕವೊಂದು ಕಡತ ಸೇರುವ ಮೊದಲು ಮೊಗಸಾಲೆಯಲ್ಲಿ ಎಷ್ಟು ಮೆತ್ತಗಾಗುತ್ತದೆ, ಅದರಲ್ಲಿ ಸಂಸ್ಕೃತಿಯ ಪಾಲೆಷ್ಟು ಎಂಬುದನ್ನು ತನಿಖಾ ವರದಿಗಳಿಂದ ತೀರ್ಮಾನಿಸಲಾಗದು. ಆ ಪ್ರಶ್ನೆ ಇನ್ನೂ ಉಳಿದಿದೆ.